ಮರಳು ತುಂಬಿದ ಕೋಣೆ

ಹಳೆಯ ಊರುಗಳನ್ನು ಅಗೆಯುವುದು ನನ್ನ ಕೆಲಸ. ದೆವ್ವಗಳಿದ್ದರೆ ಮೊದಲು ನನಗೇ ಕಾಣಬೇಕಿತ್ತು ಎಂದು ಹೇಳಿ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ಹೊಸನಗರದ ಹತ್ತಿರ ಒಂದು ಪ್ರಾಚೀನ ಪಟ್ಟಣದ ಉತ್ಖನನ ನಡೆದಿತ್ತು. ಒಂದು ಊರು ಹಾಳಾದ ಮೇಲೆ ಅದರ ಮೇಲೊಂದು, ಅದು ಸುಟ್ಟುಹೋದ ಮೇಲೆ ಮತ್ತೊಂದು. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಒಂದು ಕಲ್ಲಿನ ಕೋಣೆ ಸಿಕ್ಕಿತು. ಅದರ ಬಾಗಿಲನ್ನು ಯಾರೋ ಹೊರಗಿನಿಂದ ಕಲ್ಲು, ಮಣ್ಣು ಹಾಕಿ ಕಟ್ಟಿದ್ದರು. ಒಳಗೆ, ಬಾಗಿಲಿಗೆ ಒತ್ತಿಕೊಂಡಂತೆ, ಒಬ್ಬರ ಮೂಳೆಗಳಿದ್ದವು. ಅವನ್ನು ಪರೀಕ್ಷೆಗೆ ಕಳಿಸಿದೆವು.

ಅಗೆದದ್ದನ್ನು ಹಾಗೇ ಬಿಟ್ಟರೆ ಮಳೆಗೆ ಕುಸಿಯುತ್ತದೆ. ಬಟ್ಟೆ ಹಾಸಿ, ಮರಳು ತುಂಬಿ ಮುಚ್ಚಬೇಕು; ಅದೂ ಸಂರಕ್ಷಣೆಯೇ. ಬಾಗಿಲಲ್ಲಿ ನಾವು ಬಿಡಿಸಿದ್ದ ಕಿಂಡಿಯಲ್ಲಿ ನುಸುಳಬಲ್ಲವಳು ಕೂಲಿಯಾಳು ಗಿರಿಜಕ್ಕ ಒಬ್ಬಳೇ. ಬಟ್ಟೆ ಹಾಸಲು ಅವಳು ಒಳಗೆ ಹೋದಾಗ ಮೇಸ್ತ್ರಿ ತಮಾಷೆಗೆ ಕಿಂಡಿಗೊಂದು ಹಲಗೆ ಒತ್ತಿ ಹಿಡಿದ.

"ಗಿರಿಜಕ್ಕಾ, ಇನ್ ಅಲ್ಲೇ ಸಂಸಾರ ಹೂಡು ಮಾರಾಯ್ತಿ!"

ಒಳಗಿನಿಂದ ಹಲಗೆ ಬಡಿಯುವ ಸದ್ದು ಬಂತು. ಬಡಿತ ಜೋರಾದಷ್ಟೂ ಆಳುಗಳ ನಗು ಜೋರಾಯಿತು. ನಾನು ಓಡಿಹೋಗಿ ಹಲಗೆ ಕಿತ್ತೆ. ಗಿರಿಜಕ್ಕ ಕಿಂಡಿಯಿಂದ ದೂರ, ಕೋಣೆಯ ಆ ತುದಿಯ ಗೋಡೆಗೆ ಅಂಟಿ ಕೂತಿದ್ದಳು. ಹೊರಗೆ ಬಂದವಳು ಯಾರನ್ನೂ ಬೈಯಲಿಲ್ಲ.

"ಬಡ್ದಿದ್ದು ನಾನಲ್ಲ ಸಾರ್. ನನ್ ಮುಂದೆ ಒಬ್ಳು ನಿಂತಿದ್ಲು."

ಸೈಟಿನ ಅಧಿಕಾರಿ ಬಂದು ಟಾರ್ಚ್ ಹಾಕಿದರು. ಕೋಣೆ ಖಾಲಿ. ಕಿಂಡಿಗೆ ಮತ್ತೆ ಹಲಗೆ ಬಿಗಿಸಿ, ಚಾವಣಿಯ ಬಿರುಕಿನಿಂದ ಮರಳು ಸುರಿಯಲು ಹೇಳಿದರು. ಮೊದಲ ಬುಟ್ಟಿ ಬೀಳುತ್ತಲೇ ಬಡಿತ ಶುರುವಾಯಿತು. ಎಲ್ಲರಿಗೂ ಕೇಳಿಸಿತು. ಗಿರಿಜಕ್ಕ ಅಧಿಕಾರಿಯ ಕಾಲು ಹಿಡಿದಳು.

"ಒಂದ್ಸಲ ಹಲ್ಗೆ ತೆಗೀರಿ. ಆ ಹೆಣ್ಣು ಹೊರಗ್ ಬರ್ಲಿ."

"ಅಷ್ಟು ಕನಿಕರ ಇದ್ರೆ ನೀನೂ ಒಳಗೆ ಹೋಗು. ಜೊತೆಗಾಯ್ತು," ಎಂದರು ಅವರು. ಅವಳು ಎದ್ದು ಹಲಗೆಗೆ ಕೈ ಹಾಕಿದಳು. ಮೇಸ್ತ್ರಿ ರಟ್ಟೆ ಹಿಡಿದು ಎಳೆದ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಅಧಿಕಾರಿ ಅವಳನ್ನು ಅಟ್ಟಿದರು. ಆಳುಗಳು ಈಗಲೂ ನಕ್ಕರು, ಒಬ್ಬರ ಮುಖ ಒಬ್ಬರು ನೋಡದೆ. ಅವಳು ತಿರುತಿರುಗಿ ನೋಡುತ್ತ ದಿಬ್ಬ ಹತ್ತಿದಳು. ಬಡಿತ ಕೇಳುತ್ತಲೇ ಇತ್ತು.

ಮೊದಲ ಸಲ ಬಡಿದದ್ದು ಗಿರಿಜಕ್ಕನೇ, ಆಮೇಲಿನದು ಮರಳಿನ ಒತ್ತಡಕ್ಕೆ ಹಲಗೆ ಮಾಡಿದ ಸದ್ದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನೀವೂ ಹಾಗೆಯೇ ಹೇಳಬಹುದು. ಆದರೆ ಕಿಂಡಿ ಇದ್ದದ್ದು ಸೊಂಟದೆತ್ತರದಲ್ಲಿ; ಮರಳು ಆಗಿನ್ನೂ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಗಿರಿಜಕ್ಕ ದಿಬ್ಬದಾಚೆ ಇಳಿದು ಕಣ್ಮರೆಯಾದ ಕೂಡಲೇ ಬಡಿತ ನಿಂತುಬಿಟ್ಟಿತು.