ಇಳಿಜಾರಿನಲ್ಲಿ ಒದರಿದ ಮೋಟಾರು

ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಕುಷ್ಟಗಿಯ ಹಾದಿಯಲ್ಲಿ ಮೋಟಾರು ಬಂತೆಂದರೆ ಅದು ನಮ್ಮ ಮುತ್ಯಾನದಾಗಿರಬೇಕು, ಇಲ್ಲವೇ ಯಾರೋ ಸರಕಾರಿ ಸಾಹೇಬರದು. ಹೀಗಾಗಿ ನಮ್ಮ ಮೋಟಾರಿನ ಕಥೆ ಊರಿಗೆಲ್ಲ ಬಾಯಿಪಾಠ. ಈಗಲೂ ಯಾರನ್ನು ಕೇಳಿದರೂ ಒಂದೇ ಮಾತು: ಡ್ರೈವರ್ ಈರಣ್ಣ ಹನುಮಸಾಗರದ ಇಳಿಜಾರಿನಲ್ಲಿ ಹುರುಪಿಗೆ ಬಿದ್ದು ಗಾಡಿ ಓಡಿಸಿದ, ಸಾವಕಾರರ ಹೆಂಡತಿಯ ಜೀವ ತೆಗೆದ. ಪುರಾವೆ ಏನು ಎಂದು ಕೇಳಿ ನೋಡಿ. "ಮೋಟಾರ ಒದರಿದ್ದು ಹೊಲದಾಗಿನ ಮಂದಿಗೆಲ್ಲ ಕೇಳಿತ್ತಲ್ಲ!" ಎನ್ನುತ್ತಾರೆ. ಅಬ್ಬರಿಸಿ ಒದರಿದ್ದು ಖರೆ. ಅದರ ಮೇಲೆ ಕಟ್ಟಿದ ತೀರ್ಪು ಖರೆಯಲ್ಲ. ಇದನ್ನು ಹೇಳುವ ಹಕ್ಕು ನನಗಿದೆ. ಆ ದಿನ ಮುಂದಿನ ಸೀಟಿನಲ್ಲಿ ಕೂತವಳು ನಾನು. ಆ ಪುರಾವೆ ಕೊಟ್ಟವಳೂ ನಾನೇ.

ಆಗ ನನಗೆ ಒಂಬತ್ತು ವರ್ಷ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಊರಿನ ಸಾವಕಾರ, ಶೇಂಗಾ ವ್ಯಾಪಾರಿ. ಗದಗಿನ ಯಾರದೋ ಹಳೆಯ ಮೋಟಾರು ಕೊಂಡು ತಂದಿದ್ದ. ಅದರೊಳಗೆ ಪೆಟ್ರೋಲು, ಬಿಸಿಲಿಗೆ ಕಾದ ಚರ್ಮ, ಶೇಂಗಾದ ಧೂಳು ಮೂರೂ ಕೂಡಿದ ಒಂದು ವಾಸನೆ. ಮುತ್ಯಾನ ಹೆಂಡತಿ, ನಮ್ಮ ಆಯಿ, ಮೂಗಿಗೆ ಸೆರಗು ಹಿಡಿದು ಕೂಡುತ್ತಿದ್ದಳು, ನಾನು ಮೂಗು ಅರಳಿಸಿ ಕೂಡುತ್ತಿದ್ದೆ. ಈರಣ್ಣ ಕಾಕಾ ಗದಗಿನಲ್ಲೇ ಡ್ರೈವಿಂಗ್ ಕಲಿತು ಬಂದವ. ಮಾತು ಕಡಿಮೆ. ಆದರೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ನಾನೋ, ಕೇಳುವುದನ್ನು ನಿಲ್ಲಿಸಿದವಳೇ ಅಲ್ಲ.

"ಕಾಕಾ, ಗೇರ ಬದಲ ಮಾಡೂಮುಂದ ನಡುವ ಯಾಕ ಒದರಸ್ತಿ?"

"ಒಳಗ ಹಲ್ಲಿನ ಗಾಲಿ ಎರಡ ಅದಾವ ಯವ್ವಾ. ಒಂದು ಜೋರ ತಿರಗತೈತಿ, ಒಂದು ಸಾವಕಾಶ. ಕೆಳಗಿನ ಗೇರಿಗೆ ಇಳಿಬೇಕಂದ್ರ, ಸಾವಕಾಶ ಇದ್ದದ್ದನ್ನ ಒದರಿಸಿ ಜೋಡಿ ಮಾಡ್ಕೋಬೇಕು. ಇಲ್ಲಂದ್ರ ಕರ್ರ್ ಅಂತ ಹಲ್ಲ ಕಡೀತಾವ, ಗೇರ ಕೂಡಂಗಿಲ್ಲ."

"ಎಷ್ಟ ಒದರಿಸಿದ್ರ ಸಾಕು?"

"ಅದನ್ನ ಕಿವಿ ಹೇಳತೈತಿ."

ನನ್ನ ಕಿವಿಯೂ ಹೇಳತೊಡಗಿತು. ಮೊದಲು ದನಿ ಬೀಳುವುದು, ಒಂದು ಗಳಿಗೆ ಖಾಲಿ, ಆಮೇಲೆ ಊಂ ಎಂದು ಮೇಲಕ್ಕೇರುವುದು, ಏರಿದ ನೆತ್ತಿಯಲ್ಲಿ ಟಕ್ ಎಂದು ಗೇರು ಕೂಡುವುದು. ಅಂಗಳದಲ್ಲಿ ಮೋಟಾರಿನ ಆಟ ಆಡುವಾಗ ಹುಡುಗರೆಲ್ಲ ಒಂದೇ ಸಮ ಬುರ್ರ್ ಎಂದು ಓಡುತ್ತಿದ್ದರು. ನಾನು ಮೊರವನ್ನು ಎರಡೂ ಕೈಯಲ್ಲಿ ತಿರುವುತ್ತ ನಡುನಡುವೆ ದನಿ ಇಳಿಸಿ ಏರಿಸುತ್ತಿದ್ದೆ. "ಏ, ನಿನ್ನ ಮೋಟಾರಿಗೆ ಕೆಮ್ಮ ಹತ್ತೇತಿ, ಕಷಾಯ ಕುಡಸ!" ಎಂದು ನಮ್ಮ ದೊಡ್ಡ ಕಾಕಾನ ಮಗ ಬಸ್ಯಾ ಅಣಕಿಸುತ್ತಿದ್ದ. ಅವನಿಗೆ ತಿಳಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಆ ಊರಿನಲ್ಲಿ ಇದು ತಿಳಿದವರು ಮೂವರೇ: ಈರಣ್ಣ ಕಾಕಾ, ನಾನು, ಅವನ ಕೈಯಲ್ಲೇ ಮೋಟಾರು ನಡೆಸಲು ಕಲಿತ ನಮ್ಮಪ್ಪ.

ಆ ಸುಗ್ಗಿಯಲ್ಲಿ ಹನುಮಸಾಗರದ ಅತ್ತೆಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಆಯಿ ಹಿಂದಿನ ಸೀಟಿನಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಬುಟ್ಟಿ ತಬ್ಬಿಕೊಂಡು ಕೂತಿದ್ದಳು. "ಈರಣ್ಣಾ, ರೊಟ್ಟಿ ಮುರದ್ರ ನನ್ನ ಮಗಳು ನಿನ್ನ ಮುರಿತಾಳ ನೋಡು," ಎಂದು ನಗಿಸಿದಳು. ಇಳಿಜಾರು ಶುರುವಾದಾಗ ಕಾಕಾ ಬ್ರೇಕು ಒತ್ತಿದ. ಕಾಲು ಸೀದಾ ತಳಕ್ಕೆ ಹೋಯಿತು. ಮತ್ತೆ ಒತ್ತಿದ. ಕೈಬ್ರೇಕು ಎಳೆದ. ಗಾಡಿ ಹಿಡಿಯಲಿಲ್ಲ. ಇನ್ನು ಅದನ್ನು ತಡೆಯಲು ಉಳಿದದ್ದು ಕೆಳಗಿನ ಗೇರೊಂದೇ. ಆಮೇಲೆ ನನಗೆ ಗೊತ್ತಿದ್ದದ್ದು ನಡೆಯಿತು. ದನಿ ಬಿತ್ತು, ಖಾಲಿಯಾಯಿತು, ಏರಿತು. ಆದರೆ ಕರ್ರ್ ಎಂದು ಹಲ್ಲು ಕಡಿದು ಗೇರು ಕೂಡಲಿಲ್ಲ. ಎರಡನೆಯ ಸಲ ಎಂದೂ ಕೇಳದಷ್ಟು ಎತ್ತರಕ್ಕೆ ಒದರಿಸಿದ. ಕೂಡಿತು. ಗಾಡಿ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ನಿಧಾನವಾಯಿತು. ಅಷ್ಟರಲ್ಲಿ ತಿರುವು ಬಂದಿತ್ತು. ಕಾಕಾ ಗಾಡಿಯನ್ನು ಹೊಲದ ಒಡ್ಡಿಗೆ ತಿರುಗಿಸಿದ. ನನಗೆ ಮೊಣಕಾಲು ತರಚಿತು, ಅಷ್ಟೆ. ಆಯಿಯ ತಲೆ ಬಾಗಿಲ ಕಂಬಕ್ಕೆ ಬಡಿದಿತ್ತು. ಮೂರನೆಯ ದಿನ ತೀರಿಕೊಂಡಳು.

ದಿನಕರ್ಮ ಮುಗಿದ ಮರುದಿನ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಪೊಲೀಸ್ ಅಮೀನನ ತನಕ ಹೋಗುವುದು ಬೇಡ, ಮನೆಯಲ್ಲೇ ಇತ್ಯರ್ಥವಾಗಲಿ ಎಂದರು. ಅವರೆಲ್ಲ ಬಂಡಿ ಹೂಡಿ ಬೆಳೆದವರು. ನಮ್ಮ ಕಡೆ ಇಳಿಜಾರಿನಲ್ಲಿ ಬಂಡಿ ಇಳಿಸುವಾಗ ಹಿಂದೆ ಒಬ್ಬ ಹಗ್ಗ ಹಿಡಿದು ಜಗ್ಗುತ್ತಾನೆ. ಮುಂದಿನವ ಎತ್ತುಗಳಿಗೆ ಗಟ್ಟಿಯಾಗಿ ಒಂದು ಮಾತೂ ಆಡುವುದಿಲ್ಲ. ದನಿ ಏರಿತೆಂದರೆ ಎತ್ತು ಓಡುತ್ತವೆ. ಮೋಟಾರನ್ನೂ ಅವರು ಅದೇ ಲೆಕ್ಕದಲ್ಲಿ ತೂಗಿದರು. ನನ್ನನ್ನು ಕರೆದರು.

"ಇಳಿಜಾರದಾಗ ಮೋಟಾರ ಒದರಿತೋ ಇಲ್ಲೋ, ಹೇಳವ್ವಾ," ಎಂದ ದೊಡ್ಡ ಕಾಕಾ.

"ಒದರಿತ್ರಿ."

"ಎಷ್ಟ ಸಲ?"

"ಎರಡ ಸಲ್ರಿ. ಆದ್ರ ಅದು ಗೇರ..."

"ಕೇಳಿದ್ದಕ್ಕಷ್ಟ ಹೇಳು. ಎರಡನೇ ಸಲ ಮೊದಲಿನಕಿಂತ ಜೋರ ಇತ್ತೋ?"

"ಜೋರ ಇತ್ರಿ."

"ಇಳಿಜಾರದಾಗ ಎತ್ತಿಗೆ ಯಾವ ಶಾಣ್ಯಾ ಬಾರಕೋಲ ಬೀಸತಾನ?" ಎಂದ ಒಬ್ಬ. ಪಡಸಾಲೆ ಹೂಂಗುಟ್ಟಿತು. ಅಪ್ಪ ಮೂಲೆಯ ಕಂಬಕ್ಕೆ ಒರಗಿ ಕೂತಿದ್ದರು.

ಮುತ್ಯಾ ಈರಣ್ಣ ಕಾಕಾನನ್ನು ಕೇಳಿದ, "ನಿಂದೇನೈತಿ?"

"ಮೋಟಾರ ಹಿಡೀಲಿಲ್ರಿ ದೊಡ್ಡ ಸಾವಕಾರ್ರ," ಎಂದ ಕಾಕಾ. ಅಷ್ಟೇ. ಕೀಲಿಕೈ ಹೊಸ್ತಿಲ ಮೇಲಿಟ್ಟು, ಅಂಗಳದಲ್ಲಿ ನಿಂತಿದ್ದ ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ.

ಆ ಪಡಸಾಲೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಬ್ರೇಕು ಕೆಟ್ಟಿದ್ದು ಯಾರಿಗಾದರೂ ಮೊದಲೇ ಗೊತ್ತಿತ್ತೇ? ಕೇಳಿದ್ದರೆ ಅದಕ್ಕೂ ಖರೆ ಹೇಳುತ್ತಿದ್ದೆ. ತೊಟ್ಟಿಲಿಗೆ ಎಂಟು ದಿನ ಮೊದಲು, ನನ್ನೆದುರೇ, ಕಾಕಾ ನಮ್ಮಪ್ಪನಿಗೆ ಹೇಳಿದ್ದ: "ಸಣ್ಣ ಸಾವಕಾರ್ರ, ಬ್ರೇಕ ಸಡ್ಲ ಆಗ್ಯಾವ್ರಿ. ಗದಗಿಗೆ ಒಯ್ಬೇಕ್ರಿ." ಅಪ್ಪ ಶೇಂಗಾ ಚೀಲದ ಬಾಯಿ ಹೊಲಿಸುತ್ತ, "ಸುಗ್ಗಿ ಮುಗೀಲೋ ಈರಣ್ಣಾ, ಒಯ್ಯೋಣಂತ," ಎಂದಿದ್ದರು. ಒಂಬತ್ತು ವರ್ಷದ ನಾನು ಆ ಮಾತನ್ನೂ ಆಯಿಯ ಸಾವನ್ನೂ ಒಂದರ ಪಕ್ಕ ಇನ್ನೊಂದು ಇಟ್ಟು ನೋಡಲಿಲ್ಲ. ಅಪ್ಪನಿಗೆ ಮೂವತ್ತೈದು, ಅವರು ನೋಡಿರಲಿಲ್ಲವೆಂದು ಹೇಗೆ ನಂಬಲಿ?

ಮುಂದೆ ಕಾಲೇಜಿನಲ್ಲಿ ವಾದ ಮಾಡಲು ಕಲಿತೆ. ಸಂಗತಿಗಳು ತಾವೇ ಮಾತಾಡುತ್ತವೆ ಎಂದು ಅಲ್ಲಿ ಕಲಿಸಿದರು. ನಾನು ಒಪ್ಪಲಿಲ್ಲ. ಸಂಗತಿಗಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತವೆ. ನಾನು ಆಡಿದ ಒಂದೊಂದು ಮಾತೂ ಖರೆಯಾಗಿತ್ತು, ಎಲ್ಲ ಕೂಡಿ ಒಂದು ಸುಳ್ಳಾಯಿತು. ಖರೆ ಹೇಳಿದರೆ ಯಾರಿಗೂ ಕೇಡಾಗದು ಎಂಬ ನಂಬಿಕೆಯೊಂದಿತ್ತು ನನಗೆ. ಅದು ಆ ಪಡಸಾಲೆಯಲ್ಲೇ ಹೋಯಿತು. ಮೋಟಾರನ್ನು ಬಿಡಿಬಿಡಿಯಾಗಿ ಮಾರಿದರು. ಈರಣ್ಣ ಕಾಕಾ ಯಲಬುರ್ಗಾದ ಕಡೆ ಯಾರದೋ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದನಂತೆ, ಮತ್ತೆ ಸ್ಟೇರಿಂಗು ಮುಟ್ಟಲಿಲ್ಲವಂತೆ. ಹೋದ ವರ್ಷ ತೀರಿಕೊಂಡ. ಅವನ ಬಳಿಗೆ ಹೋಗಿ ತಪ್ಪಾಯಿತು ಎನ್ನಲು ನನಗೆ ಅಷ್ಟು ವರ್ಷವಿತ್ತು, ಹೋಗಲಿಲ್ಲ. ಮಂದಿಯ ತಪ್ಪು ಎಣಿಸುವ ನಾನು ಇದನ್ನೂ ಎಣಿಸಬೇಕು.

ಅವನ ಸಾವಿನ ಸುದ್ದಿ ಬಂದಾಗ ಊರಲ್ಲೇ ಇದ್ದೆ. ಅಪ್ಪ ಊಟಕ್ಕೆ ಕೂತಿದ್ದರು. ಕೈ ರೊಟ್ಟಿಯ ಮೇಲೇ ನಿಂತಿತು. ಆಗ ಕೇಳಿದೆ:

"ಅಪ್ಪಾ, ಅವತ್ತ ಕಾಕಾ ಪಡಸಾಲ್ಯಾಗ ಎಲ್ಲಾರ ಮುಖಾ ನೋಡಿದ. ನಂದೂ ನೋಡಿದ. ನಿಮ್ಮ ಮುಖ ಒಂದ ನೋಡಲಿಲ್ಲ. ತಾಯಿನ್ನ ಕಳಕೊಂಡ ಮನಶ್ಯಾನ ಮ್ಯಾಲೆ ಇನ್ನೊಂದ ಭಾರ ಹಾಕಬಾರದು ಅಂತ ಅವ ಬಾಯಿ ಮುಚ್ಚಿಕೊಂಡ. ನೀವು ಯಾಕ ಮುಚ್ಚಿಕೊಂಡ್ರಿ?"