ಬಾಣಂತಿ ಕೋಣೆಗೆ ಬಂದ ಮೆಸೇಜು

ವನಜಾಕ್ಷಿಯಕ್ಕ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅದನ್ನು ಹೇಳಿದರೆ ಸಾಕು, ಅವರು ಎಂಥ ಹೆಂಗಸು ಅಂತ ನಿಮಗೇ ಗೊತ್ತಾದೀತು.

ಉಡುಪಿ ಕಡೆಯವರು. ಕಲ್ವರ್ ಸಿಟಿಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೋವರೆಗೆ ಯಾವ ಕನ್ನಡದವರ ಮನೆಯಲ್ಲಿ ಹೆರಿಗೆಯಾದರೂ, ಊರಿನಿಂದ ತಾಯಿಗೆ ಬರಲಾಗದಿದ್ದರೆ ಬಾಣಂತನಕ್ಕೆ ಕರೆ ಬರುವುದು ಇವರಿಗೇ. ಹೋದ ಮನೆಯಲ್ಲಿ ಅಡುಗೆಮನೆ ಅವರದು, ಬಚ್ಚಲು ಅವರದು, ಗಂಡ ಅನ್ನಿಸಿಕೊಂಡವನು ಎಲ್ಲಿ ಕೂರಬೇಕು ಅನ್ನುವುದನ್ನೂ ಅವರೇ ಹೇಳುವುದು. ಇಷ್ಟು ಜೋರಿನ ಹೆಂಗಸಿಗೆ ಫ್ರೀವೇ ಕಂಡರೆ ಮಾತ್ರ ನಡುಕ. ಹಾಗಾಗಿ ಡ್ರೈವ್ ಮಾಡಿ ಬಿಟ್ಟು ಬರುವ ಯೋಗ ಲೀಲಾ ಎಂಬ ಈ ಪಾಪದವಳದ್ದು.

ವಾಟ್ಸಾಪ್ ಎಂದರೆ ಅವರಿಗೆ ಪ್ರಾಣ. ಬೆಳಗಾದರೆ ಹೂವಿನ ಚಿತ್ರ ಹಾಕಿ ಶುಭೋದಯ. ಒಬ್ಬೊಬ್ಬ ಬಾಣಂತಿಗೆ ಒಂದೊಂದು ಗ್ರೂಪು, ಅದರಲ್ಲಿ ಎರಡೂ ಕಡೆಯ ನೆಂಟರು. ಮಗು ಹಾಲು ಕುಡಿದದ್ದು, ಕಕ್ಕಿದ್ದು, ಆಕಳಿಸಿದ್ದು ಎಲ್ಲ ಅಲ್ಲಿ ಬಂದು ಬೀಳಬೇಕು. ಇದೆಂಥ ಡಂಗುರ ಅಂತ ನಾನು ಎಷ್ಟೋ ಸಲ ರೇಗಿದ್ದೇನೆ. ಕೇಳುವ ಜನ್ಮವಲ್ಲ.

2016ರಲ್ಲಿ ಸ್ಯಾನ್ ಡಿಯಾಗೋ ಹತ್ತಿರದ ಕಾರ್ಲ್ಸ್‌ಬಾಡಿನ ಸಿಂಧೂರಳ ಬಾಣಂತನಕ್ಕೆ ಹೋದರು. ಗದಗದ ಹತ್ತಿರದ ಹಳ್ಳಿಯ ಹುಡುಗಿ, ಓದಲು ಬಂದು ಇಲ್ಲೇ ಕೆಲಸಕ್ಕೆ ಸೇರಿದವಳು. ಅವಳ ತಾಯಿ ಶಾರದವ್ವನಿಗೆ ವೀಸಾ ಸಿಕ್ಕಿರಲಿಲ್ಲ. ಹೆಸರಿಡುವ ತನಕ ಮಗುವಿನ ಮೋರೆ ಕಂಡವರಿಗೆಲ್ಲ ತೋರಿಸಬಾರದು, ದೃಷ್ಟಿಯಾಗುತ್ತದೆ ಅಂತ ಮನೆಮನೆಯಲ್ಲಿ ಪಾಠ ಹೇಳುವವರು ಇದೇ ವನಜಾಕ್ಷಿಯಕ್ಕ. ಅಂಥವರು ಆ ಮಗುವಿನ ಚಂದಕ್ಕೆ ಮರುಳಾಗಿ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿಯೇಬಿಟ್ಟರು.

ತಗೋ, ಶುರುವಾಯಿತು. ಮಗು ಬಡಕಲು ಎಂದಳು ಒಬ್ಬಳು ಚಿಕ್ಕತ್ತೆ. ತಾಯಿಗೆ ಹಾಲು ಸಾಲದು ಎಂದಳು ಇನ್ನೊಬ್ಬಳು. ನಮ್ಮ ಮನೆತನದಲ್ಲಿ ಮಕ್ಕಳು ಹೀಗೆ ಇರುವುದಿಲ್ಲ ಅಂತ ಹುಬ್ಬಳ್ಳಿಯಿಂದ ಅತ್ತೆ ಬರೆದರು. ಸಿಂಧೂರ ಒಂದನ್ನೂ ಬಿಡದೆ ಓದಿದಳು. ಆಮೇಲೆ ತಟ್ಟೆ ಮುಟ್ಟುವುದನ್ನೇ ಬಿಟ್ಟಳು. ಊಟ ಮಾಡಬೇಕು, ನಿದ್ದೆ ಮಾಡಬೇಕು, ಹೀಗೇ ಇದ್ದರೆ ತಕ್ಷಣ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಅಂಟಿನುಂಡೆಗೆ ಸಾಮಾನು ಕೊಡಲು ಶನಿವಾರ ಬೆಳಿಗ್ಗೆ ನಾನು ಹೋದಾಗ ಅವಳು ಗೋಡೆ ನೋಡುತ್ತ ಮಲಗಿದ್ದಳು. ಮಗು ಅತ್ತರೂ ತಿರುಗಲಿಲ್ಲ. ಈ ಹುಡುಗಿ ನಮ್ಮ ಕೈತಪ್ಪಿ ಹೋಗುತ್ತಾಳೆ ಅಂತ ನನಗೆ ನಿಜವಾಗಿಯೂ ಭಯವಾಯಿತು.

ವನಜಾಕ್ಷಿಯಕ್ಕ ಮಂಚದ ಮೇಲೆ ಕೂತು ನೇರವಾಗಿ ಕೇಳಿದರು. "ಯಾರ ಮಾತು ಬೇಕು ನಿಂಗೆ? ನನ್ನದು ಬೇಡ, ಗಂಡನದ್ದು ಬೇಡ. ಯಾರದ್ದು ಹೇಳು."

"ಅವ್ವಂದು," ಎಂದಳು ಅವಳು. "ಗ್ರೂಪಿನ್ಯಾಗ ಎಲ್ಲಾರೂ ಅದಾರ್ರಿ ಆಂಟಿ. ನಮ್ಮವ್ವ ಒಬ್ಬಾಕಿ ಇಲ್ಲ."

ವನಜಾಕ್ಷಿಯಕ್ಕನ ಮುಖ ಸಣ್ಣದಾಯಿತು. ಇಷ್ಟು ದಿನ ಹೊಕ್ಕು ಬಳಸಿದವರು ಅದನ್ನು ಗಮನಿಸಿಯೇ ಇರಲಿಲ್ಲ. ಶಾರದವ್ವನದು ಗುಂಡಿ ಒತ್ತುವ ಹಳೇ ಫೋನು. ಹೊಸದು ಕೊಡಿಸೋಣವೆಂದರೆ ಆ ಹಳ್ಳಿಯಲ್ಲಿ ನೆಟ್ಟೇ ಇಲ್ಲ ಎಂದ ಸಿಂಧೂರಳ ಗಂಡ ತೇಜಸ್ವಿ. ಫೋನ್ ಮಾಡಿದರೆ ತಾಯಿ ಮಗಳು ಇಬ್ಬರೂ ಅಳುತ್ತಾರೆ, ಒಂದು ಮಾತೂ ಆಗುವುದಿಲ್ಲವಂತೆ. ಹೋಗುವುದಾದರೆ ಬರೀ ಮೆಸೇಜು, ಹಳೇ ಕಾಲದ ಎಸ್ಸೆಮ್ಮೆಸ್ಸು. ಈಗ ಅದನ್ನು ಯಾರು ಕಳಿಸುತ್ತಾರೆ ಆಂಟಿ ಅಂತ ಅವನು ಗೊಣಗಿದ.

"ನಾನು ಕಳಿಸ್ತೇನೆ," ಎಂದರು ವನಜಾಕ್ಷಿಯಕ್ಕ.

ನಮ್ಮೆಲ್ಲರ ಎದುರೇ ಆ ಗ್ರೂಪನ್ನು ಅಳಿಸಿ ಹಾಕಿದರು. ಸಿಂಧೂರಳ ಫೋನಿನಿಂದಲೂ ವಾಟ್ಸಾಪ್ ತೆಗೆಸಿದರು. ಸ್ವಲ್ಪ ಹೊತ್ತಿಗೆ ಹುಬ್ಬಳ್ಳಿಯಿಂದ ಅತ್ತೆಯ ಫೋನು ಬಂತು, ಮೊಮ್ಮಗುವಿನ ಸುದ್ದಿ ನಮಗೆ ಯಾಕಿಲ್ಲ ಅಂತ. ತೇಜಸ್ವಿ ತಬ್ಬಿಬ್ಬಾಗಿ ಫೋನನ್ನು ಇವರ ಕೈಗೇ ಕೊಟ್ಟ.

"ಅಮ್ಮ, ಸಿಟ್ಟು ಮಾಡ್ಬೇಡಿ," ಎಂದರು ಇವರು. "ಸುದ್ದಿ ನಿಮ್ಮ ಮಗ ದಿನಾ ಫೋನಲ್ಲಿ ಹೇಳ್ತಾನೆ. ಆದ್ರೆ ಚೊಚ್ಚಲ ಬಾಣಂತನ ತವರಿನದ್ದು. ಅದು ನಿಮ್ಮಲ್ಲೂ ಉಂಟು, ನಮ್ಮಲ್ಲೂ ಉಂಟು. ಆ ತಾಯಿಗೆ ಬರ್ಲಿಕ್ಕಾಗ್ಲಿಲ್ಲ. ಅವರ ಮಾತಾದ್ರೂ ಬರ್ಲಿ."

ಆ ಕಡೆ ಏನು ಹೇಳಿದರೋ, ಇವರು ಮಾತ್ರ ಒಂದಿಂಚೂ ಕದಲಲಿಲ್ಲ. ನಲವತ್ತು ದಿನ ಕಳೆಯಲಿ ಎಂದವರೇ ಫೋನಿಟ್ಟರು.

ಆಮೇಲೆ ಕನ್ನಡಕ ಏರಿಸಿ ಒಂದೇ ಬೆರಳಿನಲ್ಲಿ ಒತ್ತುತ್ತ ಕೂತರು. ನಾನು ಬರೆದುಕೊಡುತ್ತೇನೆ ಎಂದರೆ ಕೈ ಕೊಡವಿದರು. ಬರೆದದ್ದು ಇಷ್ಟೇ: 'ಶಾರದವ್ವನವರೇ, ನಾನು ಬಾಣಂತನದ ವನಜಾಕ್ಷಿ. ನಿಮ್ಮ ಮಗಳು ಉಣ್ಣುತ್ತಿಲ್ಲ. ನನಗೆ ತಿಳಿಯುತ್ತಿಲ್ಲ. ನೀವು ಹೇಳಿದ ಹಾಗೆ ಮಾಡುತ್ತೇನೆ.' ನನಗೆ ತಿಳಿಯುತ್ತಿಲ್ಲ! ಈ ಬಾಯಿಂದ ಅಂಥ ಮಾತು ಬಂದದ್ದನ್ನು ಕಲ್ವರ್ ಸಿಟಿಯಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಸ್ನಾನಕ್ಕೆ ಎಣ್ಣೆ ಕಾಯಿಸುವಷ್ಟರಲ್ಲಿ ಉತ್ತರ ಬಂತು. ಊರಲ್ಲಾಗ ರಾತ್ರಿ. ಯಾವುದೋ ಔಷಧಿ, ಯಾವುದೋ ಪಥ್ಯ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ವನಜಾಕ್ಷಿಯಕ್ಕ ಓದಿ, ಫೋನನ್ನು ನನ್ನ ಕೈಗೆ ಕೊಟ್ಟರು.

'ಎಣ್ಣಿ ಹಚ್ಚುವಾಗ ಮಾತಾಡಬ್ಯಾಡ್ರಿ ತಾಯಿ. ಬೆನ್ನಿನ ಮ್ಯಾಲ ಕೈ ಇಟ್ಟು ಸುಮ್ಮನ ಕುಂದರ್ರಿ. ಸಣ್ಣಾಕಿ ಇದ್ದಾಗಿಂದ ಆಕಿ ಹಂಗ ಸಮಾಧಾನ ಆಗ್ತಾಳ.'

ಪ್ರತಿ ಬಾಣಂತಿಗೆ ಎಣ್ಣೆಯ ಜೊತೆ ಊರಿನ ಪುರಾಣವನ್ನೆಲ್ಲ ತಿಕ್ಕುವ ಹೆಂಗಸು ಅಂದು ತುಟಿ ಎರಡು ಮಾಡಲಿಲ್ಲ. ಬೆಚ್ಚಗಿನ ಎಣ್ಣೆ ಹಚ್ಚಿದರು. ಅಂಗೈಯನ್ನು ಬೆನ್ನ ಮೇಲಿಟ್ಟು ಕೂತರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಸಿಂಧೂರಳ ಭುಜ ಅಲುಗಿತು, ಅಳು ಬಂತು. ಅಳಬೇಡ ಎನ್ನಲು ವನಜಾಕ್ಷಿಯಕ್ಕನ ಬಾಯಿ ತೆರೆದೇಬಿಟ್ಟಿತ್ತು, ಮತ್ತೆ ಮುಚ್ಚಿಕೊಂಡರು.

"ಅವ್ವ ಹೇಳಿದ್ಲೇನ್ರಿ ಹಿಂಗ ಮಾಡ್ರಿ ಅಂತ?" ಎಂದಳು ಸಿಂಧೂರ, ತಿರುಗದೆಯೇ.

ಇವರು ಬೆನ್ನ ಮೇಲಿನ ಕೈಯನ್ನು ಇನ್ನಷ್ಟು ಒತ್ತಿದರು, ಅಷ್ಟೇ.

"ಹೊಟ್ಟಿ ಹಸದೈತ್ರಿ ಆಂಟಿ."

ವನಜಾಕ್ಷಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬಿಸಿ ಅನ್ನಕ್ಕೆ ತುಪ್ಪ ಕಲಸಲು ಎದ್ದು ಹೋದರು.