ಗುಂಪಿಗೆ ನಾಲ್ಕು

ಡಬ್ಲಿನ್ನಿನಲ್ಲಿ ಕೆಲಸಕ್ಕೆ ಬರವೇ ಇಲ್ಲದ ಆ ವರ್ಷಗಳಲ್ಲಿ, ಹೊಸದಾಗಿ ಬಂದಿಳಿದ ಕನ್ನಡದ ಹೆಂಗಸರನ್ನು ಟಾಲಾ, ಬ್ಲಾಂಚರ್ಡ್ಸ್‌ಟೌನ್, ಬ್ಯೂಮಾಂಟ್‌ಗಳ ಮೂರು ಭಜನೆ ಗುಂಪುಗಳಿಗೆ ಹಂಚುತ್ತಿದ್ದವರು ನರ್ಸ್ ಆಗಿದ್ದ ಒಬ್ಬ ಅಕ್ಕ. ಬಂದವರನ್ನು ಎಣಿಸಿ ಮೂರರಿಂದ ಭಾಗಿಸುವರು. ಯಾವ ಗುಂಪೂ ಅದಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಇಲ್ಲದಿದ್ದರೆ ಚೆನ್ನಾಗಿ ಹಾಡುವವರೆಲ್ಲ ಒಂದೇ ಕಡೆ ಸೇರಿಬಿಡುತ್ತಾರೆ ಎಂಬ ಭಯ. ಹಂಚಿ ಮುಗಿದ ಮೇಲೆ ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು, ಐರಿಶರ ಹಾಗೇ "ಗ್ರ್ಯಾಂಡ್, ಲೆಕ್ಕ ಸರಿಹೋಯ್ತು" ಎನ್ನುವರು.

ನಾನು ಬಂದ ವರ್ಷ ನಾವು ಹತ್ತು ಜನ, ಗುಂಪಿಗೆ ಮೂವರು. ಅಕ್ಕನ ಅಡುಗೆಮನೆಯಲ್ಲಿ, ಮೂರೂ ಗುಂಪಿನವರ ಎದುರು ಒಬ್ಬೊಬ್ಬರಾಗಿ ಹಾಡಿದೆವು. ನನ್ನ ದನಿ ಎರಡನೇ ಸಾಲಿಗೇ ಒಡೆಯಿತು. ಮೂರೂ ಗುಂಪಿನವರು ತಮಗೆ ಬೇಕಾದ ಮೂರು ಮೂರು ಹೆಸರು ಚೀಟಿಯಲ್ಲಿ ಬರೆದುಕೊಟ್ಟರು. ಯಾರ ಚೀಟಿಯಲ್ಲೂ ನನ್ನ ಹೆಸರಿರಲಿಲ್ಲ. ನಾನು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದೆ.

ಅಕ್ಕ ಚೀಟಿಗಳನ್ನು ನೋಡಿದರು, ನನ್ನನ್ನು ನೋಡಲಿಲ್ಲ. "ಈ ಸಲ ಗುಂಪಿಗೆ ಮೂರಲ್ಲ, ನಾಲ್ಕು ಜನ. ನಿಮಗೆಲ್ಲಾ ಒಬ್ಬೊಬ್ರು ಕಮ್ಮಿ ಇದ್ದಾರೆ, ನೋಡ್ಕೊಳ್ಳಿ" ಎಂದರು.

ಮೂರೂ ಗುಂಪಿನವರು ಒಟ್ಟಿಗೇ ನನ್ನ ಕಡೆ ತಿರುಗಿದರು.

"ನಮ್ಮ ಟಾಲಾಗೆ ಬಾಮ್ಮ, ಮನೆ ಹತ್ರಾನೇ ಲುವಾಸ್ ಟ್ರಾಮ್ ಐತೆ."

"ಬ್ಲಾಂಚರ್ಡ್ಸ್‌ಟೌನ್‌ಗೆ ಬಾ, ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ."

ನಾನು ಟಾಲಾ ಸೇರಿದೆ. ಉಳಿದೆರಡು ಗುಂಪುಗಳಲ್ಲಿ ಒಂದೊಂದು ಜಾಗ ಖಾಲಿಯೇ ಉಳಿಯಿತು. ಅಕ್ಕ ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡರು.

"ಗ್ರ್ಯಾಂಡ್, ಲೆಕ್ಕ ಸರಿಹೋಯ್ತು."